ಓದುಗರ ಪ್ರಶ್ನೆಗೆ ಉತ್ತರ: ವಿಮಾನ ದುರಂತ ಮತ್ತು ಸದನದ ಸಂತಾಪ

2025ರ ಜೂನ್ 12ರಂದು ಅಹಮದಾಬಾದಿನಿಂದ ಲಂಡನ್ನಿಗೆ ಹೊರಟ ಏರ್ ಇಂಡಿಯಾ 171 ವಿಮಾನ, ನೆಲ ಬಿಟ್ಟು ಒಂದು ನಿಮಿಷ ತುಂಬುವ ಮೊದಲೇ ಬಿ.ಜೆ. ವೈದ್ಯಕೀಯ ಕಾಲೇಜಿನ ವಸತಿ ಕಟ್ಟಡಗಳ ಮೇಲೆ ಬಿದ್ದಿತು. ಒಳಗಿದ್ದ 242 ಮಂದಿಯಲ್ಲಿ ಒಬ್ಬರು ಮಾತ್ರ ಉಳಿದರು. ನೆಲದ ಮೇಲಿದ್ದ 19 ಜನರೂ ಸೇರಿ ಒಟ್ಟು 260 ಮಂದಿ ಪ್ರಾಣ ಕಳೆದುಕೊಂಡರು. ಈ ದುರಂತಕ್ಕೆ ಸಂಸತ್ತು ಸಂತಾಪ ಸೂಚಿಸಿದ ರೀತಿಯ ಬಗ್ಗೆ ಹಲವು ಓದುಗರು ಬರೆದಿದ್ದಾರೆ. ಒಂದೇ ವಿಷಯಕ್ಕೆ ಸೇರಿದ ಪ್ರಶ್ನೆಗಳಾದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ದುರಂತ ನಡೆದದ್ದು ಜೂನ್ 12ರಂದು, ಲೋಕಸಭೆ ಸಂತಾಪ ಸೂಚಿಸಿದ್ದು ಜುಲೈ 21ರಂದು. 39 ದಿನಗಳ ನಂತರ ಎದ್ದು ನಿಂತು ಮೌನ ಆಚರಿಸುವುದು ಕಾಟಾಚಾರವಲ್ಲವೇ?
– ಓದುಗರೊಬ್ಬರು, ಮೂಡುಬಿದಿರೆ

ಉತ್ತರ: ನಡುವೆ ಲೋಕಸಭೆಯ ಕಲಾಪವೇ ಇರಲಿಲ್ಲ. 2025ರ ಬಜೆಟ್ ಅಧಿವೇಶನ ಏಪ್ರಿಲ್ 4ರಂದು ಮುಗಿದಿತ್ತು. ಮಳೆಗಾಲದ ಅಧಿವೇಶನ ಆರಂಭವಾದದ್ದು ಜುಲೈ 21ರಂದು. ಸದನವು ವರ್ಷವಿಡೀ ತೆರೆದಿರುವ ಕಚೇರಿಯಲ್ಲ. ರಾಷ್ಟ್ರಪತಿಗಳು ಕರೆದಾಗ ಸೇರುತ್ತದೆ, ಎರಡು ಅಧಿವೇಶನಗಳ ನಡುವೆ ಆರು ತಿಂಗಳ ಅಂತರ ಬೀಳಬಾರದು ಎಂಬುದಷ್ಟೇ ಸಂವಿಧಾನದ 85ನೆಯ ವಿಧಿಯ ಕಟ್ಟುಪಾಡು. ಹೀಗೆ ಬಿಡುವಿನಲ್ಲಿ ಒದಗಿದ ಸಾವುಗಳನ್ನೆಲ್ಲ ಮುಂದಿನ ಅಧಿವೇಶನದ ಮೊದಲ ದಿನವೇ ನೆನೆಯುವುದು ವಾಡಿಕೆ. ಅದರಂತೆ ಆ ದಿನ ಸಭಾಧ್ಯಕ್ಷ ಓಂ ಬಿರ್ಲಾ ಅವರು ಅಗಲಿದ ಮಾಜಿ ಸದಸ್ಯರ ಜೊತೆಗೆ ಪಹಲ್ಗಾಮ್ ದಾಳಿಯಲ್ಲಿ ಹತರಾದವರನ್ನೂ ಅಹಮದಾಬಾದ್ ದುರಂತದಲ್ಲಿ ಮಡಿದವರನ್ನೂ ಸ್ಮರಿಸಿದರು, ಸದಸ್ಯರು ಎದ್ದು ನಿಂತರು. ಜೂನ್ 12ರಿಂದಲೇ ರಾಷ್ಟ್ರಪತಿಗಳು ಮತ್ತು ಪ್ರಧಾನಿಯವರಿಂದ ಬಂದ ಸಂದೇಶಗಳು ಆಯಾ ಸ್ಥಾನಗಳ ಸಂದೇಶಗಳು. ಅವನ್ನು ಸದನದ ಸಂತಾಪವೆಂದು ಎಣಿಸಲು ಬರುವುದಿಲ್ಲ.

ನಿಮ್ಮ ಊರಿನವರಿಗೆ ಇದು ಹೊಸದಲ್ಲ. 2010ರ ಮೇ 22ರ ಬೆಳಗಿನ ಜಾವ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದ ರನ್‌ವೇ ದಾಟಿ ಕಣಿವೆಗೆ ಉರುಳಿ 158 ಮಂದಿ ಮೃತಪಟ್ಟಾಗ, ಸಂಸತ್ತಿನ ಬಜೆಟ್ ಅಧಿವೇಶನ ಮುಗಿದು ಹದಿನೈದು ದಿನವಾಗಿತ್ತು. ಮುಂದಿನ ಅಧಿವೇಶನ ಸೇರಿದ್ದು ಜುಲೈ 26ರಂದು, ಅಂದರೆ 65 ದಿನಗಳ ನಂತರ. ಅಷ್ಟರಲ್ಲಿ ಮಂಗಳೂರಿನಲ್ಲಿ, ಕಾಸರಗೋಡಿನಲ್ಲಿ ಎಷ್ಟೋ ಮನೆಗಳ ಉತ್ತರಕ್ರಿಯೆಗಳೇ ಮುಗಿದಿದ್ದವು.

ಅಧಿವೇಶನ ನಡೆಯುತ್ತಿದ್ದರೆ ಚಿತ್ರವೇ ಬೇರೆ. 2021ರ ಡಿಸೆಂಬರ್ 8ರಂದು ಕೂನೂರಿನ ಬಳಿ ರಕ್ಷಣಾ ಪಡೆಗಳ ಮುಖ್ಯಸ್ಥ ಜನರಲ್ ಬಿಪಿನ್ ರಾವತ್ ಅವರಿದ್ದ ಹೆಲಿಕಾಪ್ಟರ್ ಅಪಘಾತಕ್ಕೀಡಾದಾಗ ಚಳಿಗಾಲದ ಅಧಿವೇಶನ ನಡೆದಿತ್ತು. ಮರುದಿನವೇ ರಕ್ಷಣಾ ಸಚಿವ ರಾಜನಾಥ್ ಸಿಂಗ್ ಅವರು ಎರಡೂ ಸದನಗಳಲ್ಲಿ ಹೇಳಿಕೆ ನೀಡಿದರು, ಲೋಕಸಭೆ ಮೌನವಾಗಿ ನಿಂತಿತು. ಆದರೆ ಬೇಗ ಹೇಳಿದ ಸಂತಾಪಕ್ಕೂ ಒಂದು ಕೊರತೆಯುಂಟು. ಅಂದು ಸದನ ನೆನೆದದ್ದು 13 ಮಂದಿಯನ್ನು. ಹದಿನಾಲ್ಕನೆಯವರಾದ ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್ ಆಗ ಆಸ್ಪತ್ರೆಯಲ್ಲಿ ಸಾವಿನೊಡನೆ ಹೋರಾಡುತ್ತಿದ್ದರು. ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದದ್ದು ಡಿಸೆಂಬರ್ 15ರಂದು.

ಅಹಮದಾಬಾದ್ ವಿಮಾನದಲ್ಲಿ 53 ಬ್ರಿಟಿಷ್ ಪ್ರಜೆಗಳಿದ್ದರು. ಅಂದು ಗುರುವಾರ, ಬ್ರಿಟನ್ನಿನ ಕಾಮನ್ಸ್ ಸಭೆ ಸೇರಿತ್ತು. ಸಾವಿನ ಲೆಕ್ಕ ಇನ್ನೂ ಸಿಗದಿದ್ದಾಗಲೇ ಸಭಾನಾಯಕಿ ಲೂಸಿ ಪೊವೆಲ್ ಅಲ್ಲಿ ದುಃಖ ವ್ಯಕ್ತಪಡಿಸಿದರು. ಮಲೇಷ್ಯಾ 2014ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಉಕ್ರೇನಿನ ಮೇಲೆ ಹಾರುತ್ತಿದ್ದ ಅದರ ಎಂಎಚ್17 ವಿಮಾನವನ್ನು ಜುಲೈ 17ರಂದು ಹೊಡೆದುರುಳಿಸಿ 298 ಮಂದಿ ಸತ್ತಾಗ, ಆರೇ ದಿನಗಳಲ್ಲಿ ಅಲ್ಲಿನ ಸಂಸತ್ತಿನ ವಿಶೇಷ ಅಧಿವೇಶನ ಕರೆಯಲಾಯಿತು. ಅದು ಯುದ್ಧದ ನೆಲದಲ್ಲಿ ಆದ ಕೊಲೆಯಾದ್ದರಿಂದ ದುಃಖದ ಜೊತೆಗೆ ಖಂಡನೆಯನ್ನೂ ದೇಶದ ಪರವಾಗಿ ಹೇಳಬೇಕಿತ್ತು. ಕೇವಲ ಸಂತಾಪಕ್ಕಾಗಿ ನಮ್ಮಲ್ಲೂ ಅಧಿವೇಶನ ಕರೆಯಬೇಕೆಂದು ನಾನು ವಾದಿಸಲಾರೆ. ತಡವಾಗಿ ಹೇಳುವ ಮಾತು ತಡವಾದದ್ದಕ್ಕೆ ತಕ್ಕಷ್ಟು ತುಂಬಿದ್ದಾಗಿರಲಿ ಎಂದು ಬಯಸುವುದು ಮಾತ್ರ ತಪ್ಪಲ್ಲ. ಅದರ ಬಗ್ಗೆ ಮುಂದೆ ಬರೆದಿದ್ದೇನೆ.

ಪ್ರಶ್ನೆ: ಸಂತಾಪ ಸೂಚನೆಯನ್ನು ಯಾರಾದರೂ ವಿರೋಧಿಸಬಹುದೇ? ಅದನ್ನು ಮತಕ್ಕೆ ಹಾಕುತ್ತಾರೆಯೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಮತಕ್ಕೆ ಹಾಕುವ ಪದ್ಧತಿ ಇಲ್ಲ. ಲೋಕಸಭೆಯಲ್ಲಿ ಸಭಾಧ್ಯಕ್ಷರೇ ಸಂತಾಪದ ಮಾತುಗಳನ್ನು ಓದುತ್ತಾರೆ, ಸದಸ್ಯರು ಎದ್ದು ನಿಲ್ಲುತ್ತಾರೆ; ಸದಸ್ಯರು ಸ್ವಲ್ಪ ಹೊತ್ತು ಮೌನವಾಗಿ ನಿಂತರು ಎಂದು ನಡವಳಿಯಲ್ಲಿ ನಮೂದಾಗುತ್ತದೆ. ನಮ್ಮ ವಿಧಾನಸಭೆಯಲ್ಲಿ ರೂಢಿ ತುಸು ವಿಸ್ತಾರವಾದದ್ದು. ಸಭಾಧ್ಯಕ್ಷರು ಸೂಚನೆಯನ್ನು ಮಂಡಿಸಿದ ಮೇಲೆ ಸಭಾನಾಯಕರಾದ ಮುಖ್ಯಮಂತ್ರಿಗಳು, ವಿರೋಧ ಪಕ್ಷದ ನಾಯಕರು, ಇತರ ಪಕ್ಷಗಳ ಮುಖಂಡರು, ಮೃತರನ್ನು ಬಲ್ಲ ಸದಸ್ಯರು ಒಬ್ಬೊಬ್ಬರಾಗಿ ಅದಕ್ಕೆ ದನಿಗೂಡಿಸುತ್ತಾರೆ, ಬಳಿಕ ಒಂದು ನಿಮಿಷದ ಮೌನಾಚರಣೆ ನಡೆಯುತ್ತದೆ, ಸೂಚನೆಯ ಪ್ರತಿಯನ್ನು ಮೃತರ ಕುಟುಂಬಕ್ಕೆ ಕಳುಹಿಸಲಾಗುತ್ತದೆ. ವಿಧಾನ ಪರಿಷತ್ತಿನಲ್ಲಿ ಈ ಕೆಲಸ ಸಭಾಪತಿಗಳದ್ದು. ಮಾತನಾಡುವವರು ಮೃತರ ಗುಣಗಳನ್ನಷ್ಟೇ ಆಡುತ್ತಾರೆ, ನಡುವೆ ಯಾರೂ ಬಾಯಿ ಹಾಕುವುದಿಲ್ಲ. ಗದ್ದಲಕ್ಕೇ ಹೆಸರಾದ ಸದಸ್ಯರೂ ಈ ಅರ್ಧ ಗಂಟೆ ತಾಳ್ಮೆಯಿಂದ ಕೂರುವುದನ್ನು ನೋಡಿದಾಗ, ಮನಸ್ಸು ಮಾಡಿದರೆ ಉಳಿದ ಹೊತ್ತೂ ಕೂರಬಲ್ಲರಲ್ಲ ಎನಿಸದೆ ಇರದು.

ಪ್ರಶ್ನೆ: ಸಂತಾಪ ಸೂಚಿಸಿದ ಕೂಡಲೇ ಸದನವನ್ನು ಮುಂದೂಡಲೇಬೇಕೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಇಲ್ಲ. ಹಾಲಿ ಸದಸ್ಯರು ತೀರಿಕೊಂಡರೆ ಗೌರವಾರ್ಥ ಆ ದಿನದ ಕಲಾಪ ಮುಂದೂಡುವುದು ಸಾಮಾನ್ಯ ರೂಢಿ. ಮಾಜಿ ಸದಸ್ಯರಿಗೂ ದುರಂತಗಳಲ್ಲಿ ಮಡಿದ ನಾಗರಿಕರಿಗೂ ಸಂತಾಪ ಸೂಚಿಸಿ ಕಲಾಪ ಮುಂದುವರಿಸುವುದೇ ಹೆಚ್ಚು.

ಪ್ರಶ್ನೆ: ಇಷ್ಟು ಜನ ಸತ್ತಾಗ, ಕಾರಣ ಯಾರು ಎಂದು ಸದನ ಅಲ್ಲೇ ಕೇಳಬೇಡವೇ? ಮೌನವಾಗಿ ನಿಂತು ಕೂತರೆ ಹೊಣೆಗಾರರು ಪಾರಾದಂತೆ ಅಲ್ಲವೇ?
– ಓದುಗರೊಬ್ಬರು, ಉಡುಪಿ

ಉತ್ತರ: ಈ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳಿದವರೇ ಹೆಚ್ಚು. ಕೇಳಲೇಬೇಕು, ಆದರೆ ಸಂತಾಪದ ಹೊತ್ತಿನಲ್ಲಿ ಅಲ್ಲ ಎಂಬುದು ನನ್ನ ಉತ್ತರ. ಇದನ್ನು ಬರಿಯ ಮರ್ಯಾದೆಯ ಮಾತೆಂದು ತಿಳಿಯಬೇಡಿ. ವಿಮಾನ ದುರಂತದಲ್ಲಿ ಪೈಲಟ್‌ಗಳೂ ಸಿಬ್ಬಂದಿಯೂ ಪ್ರಯಾಣಿಕರ ಜೊತೆಯಲ್ಲೇ ಸಾಯುತ್ತಾರೆ, ಆದ್ದರಿಂದ ಸದನ ದುಃಖಿಸುವವರ ಪಟ್ಟಿಯಲ್ಲಿ ಅವರೂ ಇರುತ್ತಾರೆ. ಅದೇ ಉಸಿರಿನಲ್ಲಿ ತಪ್ಪಿನ ಮಾತು ಎತ್ತಿದರೆ, ಉತ್ತರ ಕೊಡಲು ಬಾಯಿಲ್ಲದವರ ಮೇಲೆ ಆರೋಪ ಹೊರಿಸಿದಂತಾಗುತ್ತದೆ. ಬಜ್ಪೆ ದುರಂತದ ತನಿಖೆಯಲ್ಲಿ, ವಿಮಾನ ಇಳಿಯುವ ರೀತಿ ಸರಿಯಿಲ್ಲದಿದ್ದರೂ, ಮತ್ತೆ ಮೇಲೇರೋಣ ಎಂದು ಸಹ ಪೈಲಟ್ ಎಚ್ಚರಿಸಿದ್ದರೂ ಕ್ಯಾಪ್ಟನ್ ಇಳಿಸುವುದನ್ನು ಕೈಬಿಡಲಿಲ್ಲ ಎಂಬ ನಿರ್ಣಯ ಬಂತು. ಎಚ್ಚರಿಸಿದವರೂ ಎಚ್ಚರಗೊಳ್ಳದವರೂ ಒಟ್ಟಿಗೇ ಸತ್ತಿದ್ದರು. ಏರ್ ಮಾರ್ಷಲ್ ಬಿ.ಎನ್. ಗೋಖಲೆ ಅವರ ನೇತೃತ್ವದ ವಿಚಾರಣಾ ನ್ಯಾಯಾಲಯ ಇದನ್ನು ಬಿಡಿಸಿ ಹೇಳಲು ಕೆಲವು ತಿಂಗಳುಗಳೇ ಬೇಕಾದವು. ಮೊದಲ ವಾರದಲ್ಲಿ ಸದನ ಏನನ್ನಾದರೂ ಹೇಳಿದ್ದರೆ ಅದು ಊಹೆಯಾಗುತ್ತಿತ್ತು ಅಷ್ಟೆ.

ಕೇಳುವುದಕ್ಕೆ ಸದನದಲ್ಲಿ ಬೇರೆ ದಾರಿಗಳಿವೆ. ಲೋಕಸಭೆಯ ನಿಯಮ 197ರ ಅಡಿ ಗಮನ ಸೆಳೆಯುವ ಸೂಚನೆ ನೀಡಿ ಸಚಿವರಿಂದ ಹೇಳಿಕೆ ಪಡೆಯಬಹುದು, ನಿಯಮ 193ರ ಅಡಿ ಅಲ್ಪಾವಧಿ ಚರ್ಚೆ ಕೇಳಬಹುದು, ಪ್ರಶ್ನೋತ್ತರ ವೇಳೆಯಂತೂ ಇದ್ದೇ ಇದೆ. ಸಚಿವರು ತಾವಾಗಿಯೇ ನಿಯಮ 372ರ ಅಡಿ ಹೇಳಿಕೆ ನೀಡಿದರೆ ಆ ಹೊತ್ತಿನಲ್ಲಿ ಯಾರೂ ಪ್ರಶ್ನೆ ಕೇಳುವಂತಿಲ್ಲ. ಹಾಗಾಗಿ ಹೇಳಿಕೆ ಬಂತೆಂದು ಸಮಾಧಾನಪಡುವ ಮೊದಲು ಅದು ಯಾವ ನಿಯಮದಲ್ಲಿ ಬಂತು ಎಂದು ನೋಡಿಕೊಳ್ಳುವುದು ಒಳ್ಳೆಯದು.

ಅಹಮದಾಬಾದಿನ ವಿಷಯದಲ್ಲಿ ಸಂತಾಪವೂ ಪ್ರಶ್ನೆಯೂ ಒಂದೇ ದಿನ ಬಂದವು. ಜುಲೈ 12ರಂದು ವಿಮಾನ ಅಪಘಾತ ತನಿಖಾ ಬ್ಯೂರೋದ ಪ್ರಾಥಮಿಕ ವರದಿ ಹೊರಬಿದ್ದಿತ್ತು. ಎರಡೂ ಎಂಜಿನ್‌ಗಳಿಗೆ ಇಂಧನ ಬಿಡುವ ಸ್ವಿಚ್‌ಗಳು ಒಂದು ಸೆಕೆಂಡಿನ ಅಂತರದಲ್ಲಿ ಒಂದಾದ ಮೇಲೊಂದು ಸ್ಥಗಿತ ಸ್ಥಾನಕ್ಕೆ ಸರಿದವೆಂದೂ, ಏಕೆ ಹೀಗೆ ಮಾಡಿದಿರಿ ಎಂದು ಒಬ್ಬ ಪೈಲಟ್ ಕೇಳಿದ್ದಕ್ಕೆ ತಾನು ಮಾಡಿಲ್ಲವೆಂದು ಇನ್ನೊಬ್ಬರು ಉತ್ತರಿಸಿದರೆಂದೂ ಅದರಲ್ಲಿತ್ತು. ಆ ಎರಡು ಸಾಲುಗಳ ಮೇಲೆ ದೇಶವಿಡೀ ತೀರ್ಪು ಬರೆಯತೊಡಗಿತ್ತು. ಜುಲೈ 21ರಂದು ರಾಜ್ಯಸಭೆಯಲ್ಲಿ ಸದಸ್ಯರು ತನಿಖೆಯ ಬಗ್ಗೆ ಕೇಳಿದರು. ನಾಗರಿಕ ವಿಮಾನಯಾನ ಸಚಿವ ಕೆ. ರಾಮಮೋಹನ ನಾಯ್ಡು ಅವರು ತನಿಖೆ ನಿಯಮದ ಪ್ರಕಾರ, ಪಕ್ಷಪಾತವಿಲ್ಲದೆ ನಡೆಯುತ್ತಿದೆ ಎಂದು ಉತ್ತರಿಸಿದರು. ಅಂತರರಾಷ್ಟ್ರೀಯ ನಿಯಮದಂತೆ ಈ ಬಗೆಯ ತನಿಖೆಯ ಗುರಿ ಮತ್ತೊಂದು ಅಪಘಾತವನ್ನು ತಡೆಯುವುದು, ತಪ್ಪಿತಸ್ಥರನ್ನು ಗೊತ್ತುಮಾಡುವುದಲ್ಲ. ಅಷ್ಟು ಸಂಯಮವನ್ನು ತನಿಖೆಗೇ ವಿಧಿಸಿರುವಾಗ ಸಂತಾಪದ ಮಾತಿಗೆ ಅದಕ್ಕಿಂತ ಕಡಿಮೆ ಸಂಯಮ ಸಲ್ಲದು. ಹಾಗೆಂದು ಮೊದಲ ದಿನ ಮೌನ ಆಚರಿಸಿ, ಉಳಿದ ಅಧಿವೇಶನವನ್ನು ಬೇರೆ ಜಗಳಗಳಲ್ಲಿ ಕಳೆದು, ಗಮನ ಸೆಳೆಯುವ ಒಂದು ಸೂಚನೆಯನ್ನೂ ಕೊಡದ ಸದಸ್ಯರಿದ್ದರೆ, ಅವರ ಬಗ್ಗೆ ನಿಮ್ಮ ಸಿಟ್ಟು ನ್ಯಾಯವಾದದ್ದೇ.

ಹೊಣೆಯ ಮಾತು ಬಂದದ್ದರಿಂದ ಒಂದು ಹಳೆಯ ಪ್ರಸಂಗ. 1993ರ ಜನವರಿಯಲ್ಲಿ ಗುತ್ತಿಗೆಗೆ ಪಡೆದಿದ್ದ ಟುಪೊಲೆವ್ ವಿಮಾನವೊಂದು ದೆಹಲಿಯಲ್ಲಿ ಇಳಿಯುವಾಗ ಅಪಘಾತಕ್ಕೀಡಾಯಿತು. ಯಾರೂ ಸಾಯಲಿಲ್ಲ, ಆದರೂ ವಿಮಾನಯಾನ ಸಚಿವ ಮಾಧವರಾವ್ ಸಿಂಧಿಯಾ ರಾಜೀನಾಮೆ ಕೊಟ್ಟರು. ಅದೇ ಸಿಂಧಿಯಾ 2001ರ ಸೆಪ್ಟೆಂಬರ್ 30ರಂದು ಉತ್ತರ ಪ್ರದೇಶದ ಮೈನ್‌ಪುರಿಯ ಬಳಿ ಸಣ್ಣ ವಿಮಾನವೊಂದು ಬಿದ್ದು ತೀರಿಕೊಂಡರು. ಆಗ ಅವರು ಲೋಕಸಭೆಯ ಹಾಲಿ ಸದಸ್ಯರು.

ಪ್ರಶ್ನೆ: ಸಂತಾಪ ಓದಬೇಕಾದ ಸಭಾಧ್ಯಕ್ಷರೇ ಅಪಘಾತದಲ್ಲಿ ತೀರಿಕೊಂಡರೆ?
– ವಿದ್ಯಾರ್ಥಿನಿಯೊಬ್ಬರು, ಬೆಂಗಳೂರು

ಉತ್ತರ: ಅಂಥದ್ದು ನಡೆದಿದೆ. 2002ರ ಮಾರ್ಚ್ 3ರ ಭಾನುವಾರ ಲೋಕಸಭೆಯ ಸಭಾಧ್ಯಕ್ಷ ಜಿ.ಎಂ.ಸಿ. ಬಾಲಯೋಗಿ ಅವರಿದ್ದ ಹೆಲಿಕಾಪ್ಟರ್ ಆಂಧ್ರದ ಕೃಷ್ಣಾ ಜಿಲ್ಲೆಯ ಕೈಕಲೂರಿನ ಬಳಿ ಮೀನುಕೊಳವೊಂದಕ್ಕೆ ಬಿದ್ದು ಅವರು ಅಸುನೀಗಿದರು. ಬಜೆಟ್ ಅಧಿವೇಶನ ಆರಂಭವಾಗಿ ಒಂದೇ ವಾರವಾಗಿತ್ತು. ದಲಿತ ಸಮುದಾಯದಿಂದ ಬಂದು ಆ ಪೀಠವೇರಿದ ಮೊದಲಿಗರು ಅವರು. ಎಷ್ಟೋ ಅಗಲಿದವರ ಬಗ್ಗೆ ಆ ಪೀಠದಿಂದ ತಾವೇ ಮಾತನಾಡಿದ್ದವರು. ಇಂಥ ಸಂದರ್ಭಕ್ಕೆಂದೇ ಸಂವಿಧಾನ ಉಪಸಭಾಧ್ಯಕ್ಷರ ಸ್ಥಾನವನ್ನು ಇಟ್ಟಿದೆ. ಲಕ್ಷದ್ವೀಪದ ಪಿ.ಎಂ. ಸಯೀದ್ ಅವರು ಆ ಹೊಣೆ ಹೊತ್ತು, ಮೇ ತಿಂಗಳಲ್ಲಿ ಮನೋಹರ ಜೋಶಿ ಆಯ್ಕೆಯಾಗುವವರೆಗೆ ಸದನವನ್ನು ನಡೆಸಿದರು.

ಇದಕ್ಕಿಂತ ಘೋರವಾದದ್ದನ್ನು ಪೋಲೆಂಡ್ ಕಂಡಿತು. 2010ರ ಏಪ್ರಿಲ್ 10ರಂದು ರಷ್ಯಾದ ಸ್ಮೊಲೆನ್ಸ್ಕ್ ಬಳಿ ಪೋಲೆಂಡ್ ವಾಯುಪಡೆಯ ಟುಪೊಲೆವ್ ವಿಮಾನ ಬಿದ್ದು ಆ ದೇಶದ ಅಧ್ಯಕ್ಷ ಲೆಖ್ ಕಾಚಿನ್ಸ್ಕಿ, ಅವರ ಪತ್ನಿ ಸೇರಿದಂತೆ ಒಳಗಿದ್ದ 96 ಮಂದಿಯೂ ಸತ್ತರು. ಅವರಲ್ಲಿ 18 ಮಂದಿ ಸಂಸತ್ತಿನ ಸದಸ್ಯರು. ಕೆಳಮನೆಯ ಇಬ್ಬರು ಉಪಸಭಾಧ್ಯಕ್ಷರು, ಮೇಲ್ಮನೆಯ ಒಬ್ಬ ಉಪಸಭಾಧ್ಯಕ್ಷೆಯೂ ಅವರಲ್ಲಿ ಸೇರಿದ್ದರು. ಸಭಾಧ್ಯಕ್ಷ ಬ್ರೊನಿಸ್ವಾಫ್ ಕೊಮೊರೊವ್ಸ್ಕಿ ಸಂವಿಧಾನದ ಪ್ರಕಾರ ಆ ಗಳಿಗೆಯಿಂದಲೇ ಹಂಗಾಮಿ ರಾಷ್ಟ್ರಾಧ್ಯಕ್ಷರಾದರು. ಮೂರನೆಯ ದಿನ, ಏಪ್ರಿಲ್ 13ರಂದು, ಎರಡೂ ಸದನಗಳು ಒಟ್ಟಾಗಿ ಶೋಕಸಭೆ ಸೇರಿದವು. ಮಡಿದ ಸದಸ್ಯರು ಕೂರುತ್ತಿದ್ದ ಜಾಗಗಳಲ್ಲಿ ಅವರ ಭಾವಚಿತ್ರಗಳನ್ನೂ ಹೂವನ್ನೂ ಇಟ್ಟಿದ್ದರು. ಸಾಮಾನ್ಯವಾಗಿ ಸದನ ಯಾರದೋ ಮನೆಯ ಸಾವಿಗೆ ದುಃಖ ಹೇಳುತ್ತದೆ. ಅಂದು ಸಾವು ಸದನದ ಒಳಮನೆಯಲ್ಲೇ ಆಗಿತ್ತು, ಹೆಸರು ಕೂಗಿದರೆ ಓಗೊಡದ ಆಸನಗಳು ಕಣ್ಣೆದುರಿಗೇ ಇದ್ದವು.

ಪ್ರಶ್ನೆ: ಗಣ್ಯರ ಹೆಸರನ್ನು ಓದುತ್ತಾರೆ, ಉಳಿದವರನ್ನು ಸಂಖ್ಯೆಯಲ್ಲಿ ಹೇಳುತ್ತಾರೆ. ಇದು ಸರಿಯೇ?
– ಓದುಗರೊಬ್ಬರು, ಕುಂದಾಪುರ

ಉತ್ತರ: ರೂಢಿ ಹೀಗೆ ಬೆಳೆಯಲು ಕಾರಣವಿದೆ. ಸಂತಾಪ ಸೂಚನೆ ಮೂಲತಃ ಸದನವು ತನ್ನ ಸದಸ್ಯರಿಗಾಗಿ ಮಾಡಿಕೊಂಡ ಏರ್ಪಾಡು. ದುರಂತಗಳಲ್ಲಿ ಮಡಿದ ಸಾಮಾನ್ಯ ಜನರು ಆ ಪಟ್ಟಿಗೆ ಸೇರಿಕೊಂಡದ್ದು ಆಮೇಲೆ. ಅಹಮದಾಬಾದ್ ವಿಮಾನದಲ್ಲಿದ್ದ ಗುಜರಾತಿನ ಮಾಜಿ ಮುಖ್ಯಮಂತ್ರಿ ವಿಜಯ್ ರೂಪಾಣಿ 2006ರಿಂದ 2012ರವರೆಗೆ ರಾಜ್ಯಸಭೆಯ ಸದಸ್ಯರಾಗಿದ್ದವರು; ಹೀಗಾಗಿ ಅವರು 260ರಲ್ಲಿ ಒಬ್ಬರೂ ಹೌದು, ಆ ಸದನದ ಮಾಜಿ ಸದಸ್ಯರೂ ಹೌದು. ಅವರ ಪಕ್ಕದಲ್ಲಿ ಕೂತಿದ್ದವರಿಗಾಗಲಿ, ಮಧ್ಯಾಹ್ನದ ಊಟಕ್ಕೆ ಮೆಸ್ಸಿನಲ್ಲಿ ಸೇರಿದ್ದ ವೈದ್ಯಕೀಯ ವಿದ್ಯಾರ್ಥಿಗಳಿಗಾಗಲಿ ಎರಡನೆಯ ಪಟ್ಟಿ ಇಲ್ಲ.

ಎಲ್ಲ ಹೆಸರುಗಳನ್ನೂ ಗಟ್ಟಿಯಾಗಿ ಓದುವುದು ಕಷ್ಟವೆಂದು ಒಪ್ಪೋಣ. ಆದರೆ ಓದದಿದ್ದರೂ ಪೂರ್ತಿ ಪಟ್ಟಿಯನ್ನು ನಡವಳಿಗೆ ಅನುಬಂಧವಾಗಿ ಸೇರಿಸಲು ಯಾವ ತೊಡಕೂ ಕಾಣದು. ಮೊದಲ ಉತ್ತರದಲ್ಲಿ ತುಂಬಿದ ಮಾತು ಎಂದು ನಾನು ಬರೆದದ್ದು ಇದನ್ನೇ: 39 ದಿನ, 65 ದಿನ ಕಳೆದ ಮೇಲೆ ಸದನ ಸೇರುವಾಗ ಹೆಸರುಗಳೆಲ್ಲ ಖಚಿತವಾಗಿರುತ್ತವೆ, ನೆಲದ ಮೇಲೆ ಸತ್ತವರ ಲೆಕ್ಕವೂ ಸಿಕ್ಕಿರುತ್ತದೆ. ಅಂದೇ ಸೇರಿದ ಸಭೆಗೆ ಇಲ್ಲದ ಈ ಅನುಕೂಲವನ್ನು ತಡವಾಗಿ ಸೇರುವ ಸಭೆಯಾದರೂ ಬಳಸಿಕೊಳ್ಳಬೇಕು. ಬಜ್ಪೆ ದುರಂತದಲ್ಲಿ ಗುರುತು ಸಿಗದೆ ಉಳಿದ ದೇಹಗಳನ್ನು ಕೂಳೂರಿನ ಬಳಿ ಒಟ್ಟಿಗೆ ಮಣ್ಣು ಮಾಡಿದರು, ಈಗ ಅಲ್ಲಿ ಸ್ಮಾರಕವಿದೆ. ದೇಹಕ್ಕೆ ಬೇರೆ ಗುರುತೇ ಇಲ್ಲದಾದವರಿಗೆ ಹೆಸರು ಎಲ್ಲಾದರೂ ಬರಹದಲ್ಲಿ ಉಳಿಯುವುದು ಸಣ್ಣ ಸಂಗತಿಯಲ್ಲ.

ಪ್ರಶ್ನೆ: ‘ಮೃತರಿಗೆ ಸಂತಾಪ ಸೂಚಿಸಲಾಯಿತು’ ಎಂದು ಪತ್ರಿಕೆಗಳು ಬರೆಯುತ್ತವೆ. ಈ ಪ್ರಯೋಗ ಸರಿಯೇ?
– ನಿವೃತ್ತ ಶಿಕ್ಷಕರೊಬ್ಬರು, ಶಿರಸಿ

ಉತ್ತರ: ಮೇಷ್ಟ್ರ ಕಣ್ಣು ತಪ್ಪಿಸುವುದು ಕಷ್ಟ. ತಾಪವೆಂದರೆ ಬಿಸಿ, ಸಂತಾಪವೆಂದರೆ ಒಳಗಿನ ಬೇಗುದಿ. ಅದನ್ನು ಸೂಚಿಸುವುದು ಬದುಕುಳಿದವರಿಗೆ, ಅಂದರೆ ಕಳೆದುಕೊಂಡ ಕುಟುಂಬಕ್ಕೆ. ಮೃತರಿಗೆ ಸಲ್ಲುವುದು ಶ್ರದ್ಧಾಂಜಲಿ. ‘ಮೃತರ ನಿಧನಕ್ಕೆ ಸಂತಾಪ’ ಎಂಬ ಇನ್ನೊಂದು ಪ್ರಯೋಗವೂ ಬಳಕೆಯಲ್ಲಿದೆ. ಮೃತರಾದವರು ಮತ್ತೊಮ್ಮೆ ನಿಧನರಾಗುವುದು ಹೇಗೋ ತಿಳಿಯದು.

ಪ್ರಶ್ನೆ: ಕನಿಷ್ಕ ವಿಮಾನ ದುರಂತವಾದಾಗ ಕೆನಡಾದ ಪ್ರಧಾನಿ ಭಾರತಕ್ಕೆ ಸಂತಾಪ ಹೇಳಿದರು, ಸ್ವಂತ ಜನರಿಗೆ ಹೇಳಲಿಲ್ಲ ಎಂದು ಇಲ್ಲಿನ ಹಿರಿಯರು ಹೇಳುತ್ತಾರೆ. ನಿಜವೇ?
– ಟೊರಾಂಟೊದಲ್ಲಿ ನೆಲೆಸಿರುವ ಕನ್ನಡ ಓದುಗರೊಬ್ಬರು

ಉತ್ತರ: ಶಿರಸಿಯ ಮೇಷ್ಟ್ರು ಎತ್ತಿದ, ಸಂತಾಪ ಯಾರಿಗೆ ಎಂಬ ಪ್ರಶ್ನೆಗೆ ಇದಕ್ಕಿಂತ ಕಹಿಯಾದ ಉದಾಹರಣೆ ನನಗೆ ತಿಳಿದಿಲ್ಲ. 1985ರ ಜೂನ್ 23ರಂದು ಏರ್ ಇಂಡಿಯಾದ ಕನಿಷ್ಕ ಐರ್ಲೆಂಡಿನ ಕರಾವಳಿಯಾಚೆ ಬಾಂಬಿಗೆ ಸಿಡಿದು 329 ಮಂದಿ ಸತ್ತರು. ಅವರಲ್ಲಿ 268 ಮಂದಿ ಕೆನಡಾದ ಪ್ರಜೆಗಳು, ಬಹುಪಾಲು ಭಾರತೀಯ ಮೂಲದವರು. ಪ್ರಧಾನಿ ಬ್ರಯನ್ ಮಲ್ರೋನಿ ಅವರು ರಾಜೀವ್ ಗಾಂಧಿಯವರಿಗೆ ಸಂತಾಪ ತಿಳಿಸಿದರು. ವಿಮಾನ ಭಾರತದ್ದಾಗಿತ್ತು, ಸತ್ತವರ ಹೆಸರುಗಳೂ ಭಾರತದವು. ತಮ್ಮದೇ ದೇಶ ತಮ್ಮ ಸಾವನ್ನು ಪರದೇಶದ ಸಾವೆಂದು ಕಂಡಿತು ಎಂಬ ನೋವು ಆ ಕುಟುಂಬಗಳಲ್ಲಿ ದಶಕಗಳವರೆಗೆ ಆರಲಿಲ್ಲ. 2010ರ ಜೂನ್‌ನಲ್ಲಿ ನ್ಯಾಯಮೂರ್ತಿ ಜಾನ್ ಮೇಜರ್ ಅವರ ಆಯೋಗ ತನ್ನ ವರದಿಯಲ್ಲಿ ಅದನ್ನು ಕೆನಡಾದ ಮೇಲೆಯೇ ನಡೆದ ಘೋರ ಕೃತ್ಯವೆಂದು ಗುರುತಿಸಿತು. ಅದೇ ತಿಂಗಳ 23ರಂದು, ಸರಿಯಾಗಿ 25 ವರ್ಷಗಳ ನಂತರ, ಪ್ರಧಾನಿ ಸ್ಟೀಫನ್ ಹಾರ್ಪರ್ ನಿಮ್ಮ ಟೊರಾಂಟೊದಲ್ಲೇ ಕುಟುಂಬಗಳ ಮುಂದೆ ನಿಂತು ಕ್ಷಮೆ ಕೋರಿದರು. ಆ ಹೊತ್ತಿಗೆ ಮಕ್ಕಳನ್ನು ಕಳೆದುಕೊಂಡ ಎಷ್ಟೋ ತಂದೆತಾಯಂದಿರು ತಾವೇ ಇರಲಿಲ್ಲ.

ಪ್ರಶ್ನೆ: ಸಂತಾಪ ಸೂಚನೆಯ ಪ್ರತಿ ಕುಟುಂಬಕ್ಕೆ ಬಂದರೆ ಪರಿಹಾರದ ದಾವೆಯಲ್ಲಿ ಅದು ಉಪಯೋಗಕ್ಕೆ ಬರುತ್ತದೆಯೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಇಲ್ಲ. ಅದು ಗೌರವದ ಕಾಗದ. ಅದರಿಂದ ಯಾರ ಹೊಣೆಯೂ ಸಾಬೀತಾಗುವುದಿಲ್ಲ, ಹಣವೂ ಮಂಜೂರಾಗುವುದಿಲ್ಲ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಪರಿಹಾರದ ಆಧಾರ 1999ರ ಮಾಂಟ್ರಿಯಲ್ ಒಪ್ಪಂದ. ಭಾರತ ಅದಕ್ಕೆ ಸೇರಿದ್ದು 2009ರಲ್ಲಿ, ಬಜ್ಪೆ ದುರಂತಕ್ಕೆ ಒಂದು ವರ್ಷ ಮೊದಲಷ್ಟೇ. ವಿಮಾನ ಸಂಸ್ಥೆಯ ತಪ್ಪನ್ನು ಸಾಬೀತುಪಡಿಸದೆಯೇ ಒಂದು ಮಿತಿಯವರೆಗೆ ಪರಿಹಾರ ಪಡೆಯಲು ಅದು ಅವಕಾಶ ಕೊಡುತ್ತದೆ, ಅದಕ್ಕಿಂತ ಹೆಚ್ಚು ಕೇಳಿದರೆ ವಾದ ನಡೆಯುತ್ತದೆ. ಬಜ್ಪೆ ದುರಂತದ ಒಂದು ಕುಟುಂಬಕ್ಕೆ ಸುಪ್ರೀಂ ಕೋರ್ಟು 7.64 ಕೋಟಿ ರೂಪಾಯಿ ಪರಿಹಾರ ನಿಗದಿ ಮಾಡಿದ್ದು 2020ರಲ್ಲಿ, ದುರಂತವಾಗಿ ಹತ್ತು ವರ್ಷಗಳ ಮೇಲೆ. ದಾವೆಯ ವಿಷಯಕ್ಕೆ ಈ ಕ್ಷೇತ್ರ ಬಲ್ಲ ವಕೀಲರನ್ನೇ ಕಾಣಿರಿ.

ಪ್ರಶ್ನೆ: ಹಳೆಯ ಸಂತಾಪ ಸೂಚನೆಗಳನ್ನು ಹುಡುಕಿ ಓದಬೇಕೆಂದಿದ್ದೇನೆ. ಎಲ್ಲಿ ಸಿಗುತ್ತವೆ?
– ಸಂಶೋಧನಾ ವಿದ್ಯಾರ್ಥಿಯೊಬ್ಬರು, ಮೈಸೂರು

ಉತ್ತರ: ಸಂಸತ್ತಿನ ಚರ್ಚೆಗಳ ಸಂಪುಟಗಳೂ ನಮ್ಮ ವಿಧಾನ ಮಂಡಲದ ನಡವಳಿಗಳೂ ಮುದ್ರಿತ ರೂಪದಲ್ಲೂ ಅಂತರ್ಜಾಲದಲ್ಲೂ ಲಭ್ಯವಿವೆ. ಹುಡುಕುವಾಗ ದುರಂತದ ದಿನಾಂಕವನ್ನು ಹಿಡಿದು ಹೋದರೆ ಏನೂ ಸಿಗದೆ ಬೇಸರವಾಗಬಹುದು. ಅದರ ನಂತರ ಸೇರಿದ ಅಧಿವೇಶನದ ಮೊದಲ ದಿನದ ಪುಟಗಳನ್ನು ತೆರೆಯಿರಿ; ಹೊಸ ಸದಸ್ಯರ ಪ್ರಮಾಣವಚನವೇನಾದರೂ ಇದ್ದರೆ ಅದರ ಆಚೀಚೆ, ಸಾಮಾನ್ಯವಾಗಿ ಮೊದಲ ಕೆಲವು ಪುಟಗಳಲ್ಲೇ ಸಂತಾಪದ ಶೀರ್ಷಿಕೆ ಇರುತ್ತದೆ. ಮಾಜಿ ಸದಸ್ಯರ ಹೆಸರುಗಳು ಮುಗಿಯುವವರೆಗೆ ಓದಿ, ದುರಂತದ ಸಾಲುಗಳು ಹೆಚ್ಚಾಗಿ ಅವುಗಳ ಕೆಳಗೆ ಬರುತ್ತವೆ.